ಹಗಲು ನಿದ್ದೆಯ ಕರಾರು

ಅಂಜನಾಬಾಯಿ ಹಗಲು ಹೊತ್ತು ಮಲಗಿದ್ದನ್ನು ಔರಾದದಲ್ಲಿ ಯಾರೂ ನೋಡಿಲ್ಲ. ರಾತ್ರಿ ಮಲಗಿದ್ದನ್ನು ನೋಡಿದವರು ಇಬ್ಬರು: ಗಂಡ ಜ್ಞಾನೇಶ್ವರ ಮತ್ತು ಮಗಳು ಆರತಿ. ಇಬ್ಬರೂ ಆ ವಿಷಯವನ್ನು ಆಕೆಯ ಎದುರು ಎತ್ತುವುದಿಲ್ಲ. ತಾನು ಮಲಗುವುದೇ ಇಲ್ಲ, ಕಣ್ಣು ಮುಚ್ಚಿಕೊಂಡು ಕುರಿ ಕಾಯುತ್ತೇನೆ ಎಂಬುದು ಆಕೆಯ ಖಚಿತ ಅಭಿಪ್ರಾಯ. ಇಂಥ ಅಭಿಪ್ರಾಯಗಳನ್ನು ಯಾರೂ ಮುಟ್ಟದೆ ಬಿಡುವುದರಿಂದಲೇ ಎಷ್ಟೋ ಸಂಸಾರಗಳು ನಡೆಯುತ್ತವೆ.

ಆದರೆ ಆಕೆ ಮಲಗುತ್ತಿದ್ದಳು. ಮಲಗಿದಾಗ ಒಂದು ಸದ್ದು ಮಾಡುತ್ತಿದ್ದಳು. ನಾಲಿಗೆಯ ತುದಿಯನ್ನು ಅಂಗುಳಿಗೆ ಆಡಿಸಿ ‘ಟ್ರ್ರ್ರ್... ಹ್ಯೋ’ ಎಂದು, ಹಿಂದೆ ಉಳಿದ ಕುರಿಯನ್ನು ಕರೆಯುವ ಸದ್ದು. ಮನೆಯ ಹಿಂದಿನ ದೊಡ್ಡಿಯಲ್ಲಿ ಮಿಸುಕಾಡುತ್ತಿದ್ದ ಕುರಿಗಳು ಅದನ್ನು ಕೇಳಿ ಸುಮ್ಮನಾಗುತ್ತಿದ್ದವು. ಆರತಿಯೂ ಚಿಕ್ಕಂದಿನಲ್ಲಿ ಅದನ್ನು ಕೇಳಿಯೇ ನಿದ್ದೆ ಹೋಗಲು ಕಲಿತವಳು. ಬೇರೆ ಮಕ್ಕಳಿಗೆ ಜೋಗುಳ ಹಾಡುತ್ತಾರೆಂದು ಸಾಲೆಗೆ ಹೋದ ಮೇಲೆ ಗೊತ್ತಾಯಿತು.

ಹೋದ ವರ್ಷದ ಮಳೆಗಾಲದಲ್ಲಿ ಅಂಜನಾಬಾಯಿಗೆ ಜ್ವರ ಬಂದಿತ್ತು. ಗುಳಿಗೆ ನುಂಗಿ ಮಲಗಿದ ಆ ಒಂದು ರಾತ್ರಿ ಕುಂಟಿ ಎಂಬ ಕುರಿ ಬೇಲಿಯ ಸಂದಿಯಿಂದ ಹೊರಬಿದ್ದು ಹೋಯಿತು. ಕುಂಟುತ್ತಿತ್ತು, ಅದಕ್ಕೆ ಆ ಹೆಸರು. ಮಂದೆಯಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದದ್ದು ಅದೇ, ಆಕೆ ಯಾವಾಗಲೂ ಕರೆಯುತ್ತಿದ್ದದ್ದೂ ಅದನ್ನೇ. ಕುಂಟಿ ಮತ್ತೆ ಸಿಗಲಿಲ್ಲ. ಅಂದಿನಿಂದ ಅಂಜನಾಬಾಯಿ ನಿಜವಾಗಿಯೂ ಮಲಗುವುದನ್ನು ಬಿಟ್ಟಳು. ಹಾಸಿಗೆಯ ಮೇಲೆ ಕೂತು ಕತ್ತಲೆಗೆ ಕಣ್ಣು ಬಿಟ್ಟಿರುತ್ತಿದ್ದಳು. ಮನೆಯಲ್ಲಿ ಆ ಸದ್ದು ನಿಂತುಹೋಯಿತು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ, ಬಸ್‌ ನಿಲ್ದಾಣದ ಎದುರಿನ ಬ್ಯೂಟಿ ಪಾರ್ಲರಿನ ಪೂನಮ ಒಂದು ಕ್ರೀಮು ಕೊಟ್ಟು ಕಳಿಸಿದಳು. ಅಂಜನಾಬಾಯಿ ಅದನ್ನು ಹಿಮ್ಮಡಿಗೆ ಹಚ್ಚಿಕೊಂಡಳು, ಬಿರುಕು ಕೂಡಿತು.

ಆರತಿ ಆ ಪೂನಮನ ಹತ್ತಿರವೇ ಕೆಲಸಕ್ಕಿದ್ದಳು. ಹುಬ್ಬು ತಿದ್ದುವುದು, ಫೇಶಿಯಲ್‌, ಮದುವೆ ಹೆಣ್ಣಿನ ಶೃಂಗಾರ ಎಲ್ಲ ಬರುತ್ತಿತ್ತು. ಬರದಿದ್ದದ್ದು ಮಾಲೀಶ್. ದೊಡ್ಡ ಊರಿನ ಪಾರ್ಲರುಗಳಲ್ಲಿ ಕೆಲಸ ಕೇಳಿದರೆ ಮೊದಲು ಅದನ್ನೇ ಕೇಳುತ್ತಿದ್ದರು. ಹುಬ್ಬಿಗೆ ಬಂದ ಹೆಂಗಸು ಕಣ್ಣೀರು ಒರೆಸಿಕೊಂಡು ಹೋಗುತ್ತಾಳೆ, ಮಾಲೀಶಿಗೆ ಬಂದವಳು ತಿರುಗಿ ಬರುತ್ತಾಳೆ ಎಂದು ಪೂನಮ ಹೇಳುತ್ತಿದ್ದಳು. ಆರತಿಯ ತಲೆಯಲ್ಲಿ ಒಂದು ಕೋಣೆ ಇತ್ತು. ಔರಾದದಲ್ಲೇ, ಬಸ್ಸಿನ ಸದ್ದು ಅಷ್ಟಾಗಿ ಕೇಳದ ಒಂದು ಗಲ್ಲಿಯಲ್ಲಿ. ಒಂದು ಎತ್ತರದ ಹಾಸಿಗೆ, ಒಂದು ಕಿಟಕಿ, ಎಳ್ಳೆಣ್ಣೆಯ ವಾಸನೆ. ಅಲ್ಲಿಗೆ ಬಂದ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ, ಅವಳೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಹುಬ್ಬಿನ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಆರತಿ ಎಷ್ಟೋ ಸಲ ಆ ಕೋಣೆಗೆ ಹೋಗಿಬಂದಿದ್ದಳು. ಒಂದೆರಡು ಗಿರಾಕಿಗಳ ಹುಬ್ಬು ಅದರಿಂದ ಸ್ವಲ್ಪ ತೆಳ್ಳಗಾಗಿದ್ದೂ ಉಂಟು.

“ಮಂದಿ ಮೈ ತಿಕ್ಕಾಕ ಸಾಲಿ ಬೇಕೇನ?” ಎಂದಳು ಅಂಜನಾಬಾಯಿ, ಮಗಳು ಕಲಿಯಲು ಹೋಗುತ್ತೇನೆಂದಾಗ.

“ತಿಕ್ಕೋದಲ್ಲವ್ವಾ, ಮಾಲೀಶ್.”

“ಎಮ್ಮಿ ತಿಕ್ಕತಾರ. ಭಾಂಡಿ ತಿಕ್ಕತಾರ. ಅದಕ್ಕೆಲ್ಲ ಸಾಲಿ ಎಲ್ಲದ?”

“ಎಮ್ಮಿ ತಿಕ್ಕಿದ್ರ ಸರ್ಟಿಫಿಕೇಟ್ ಕೊಡಂಗಿಲ್ಲ.”

ಜ್ಞಾನೇಶ್ವರ ಬೀದರಿನ ಸಂಸ್ಥೆಯೊಂದರ ಕರಪತ್ರವನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. “ಸ್ವೀಡಿಶ್ ಅಂದ್ರ ಯಾ ಊರದ್ದು?”

“ಸ್ವೀಡನ್ ಅಪ್ಪ.”

“ಉದಗೀರ ಆಚಿಕಡಿ ಏನು?”

“ಭಾಳ ಆಚಿಕಡಿ.”

“ಹಂಗಾದ್ರ ಬಸ್ ಬದಲ್ ಮಾಡಬೇಕಾಗ್ತದ” ಎಂದು ಅವನು ಕಾಗದ ಮಡಚಿಟ್ಟ.

ಆಯ್ಕೆಗಳು ಮೂರಿದ್ದವು. ಮೊದಲನೆಯದು ಮೊಬೈಲಿನಲ್ಲಿ ಕಲಿಯುವುದು. ಅದರಲ್ಲಿ ಮಚ್ಚೆಯೊಂದೂ ಇಲ್ಲದ ಒಂದು ಬೆನ್ನಿನ ಮೇಲೆ ಎರಡು ಕೈ ಓಡಾಡುತ್ತಿದ್ದವು. ಬೆನ್ನಿಗೂ ಮುಖವಿರಲಿಲ್ಲ, ಕೈಗಳಿಗೂ ಇರಲಿಲ್ಲ. ಆರತಿ ಮೂರು ದಿನ ತಲೆದಿಂಬಿನ ಮೇಲೆ ಅಭ್ಯಾಸ ಮಾಡಿದಳು. ದಿಂಬು ಎಣ್ಣೆ ಕುಡಿಯಿತು, ಬೇರೇನೂ ಹೇಳಲಿಲ್ಲ. ಉಳಿದದ್ದು ಭಾಲ್ಕಿ ಮತ್ತು ಬೀದರ್. ಭಾಲ್ಕಿಯದು ಒಂದು ತಿಂಗಳು, ತಲೆ ಮತ್ತು ಮುಖ ಮಾತ್ರ. ಬೀದರಿನದು ಆರು ತಿಂಗಳು, ಉಂಗುಟದಿಂದ ನೆತ್ತಿಯವರೆಗೆ, ಅಲ್ಲಿಯ ಚಿದ್ರಿ ಬಡಾವಣೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಇರಬೇಕು. ಎರಡೂ ಕಡೆ ಸೇರುವ ಮೊದಲು ಒಂದು ದಿನ ಬಂದು ನೋಡಬಹುದು. ಬರುವಾಗ ಮನೆಯಿಂದ ಒಬ್ಬ ಹೆಂಗಸನ್ನು ಕರೆತರಬೇಕು, ಮಾಲೀಶ್ ಮಾಡಿಸಿಕೊಳ್ಳಲು.

ಮನೆಯಲ್ಲಿದ್ದ ಹೆಂಗಸು ಒಬ್ಬಳೇ. ಆಕೆ ಬಹಳ ಹೊತ್ತು ಯೋಚಿಸಿ ಕರಾರು ಹಾಕಿದಳು.

“ಬರ್ತೇನಿ. ಆದ್ರ ಯಾ ಸಾಲ್ಯಾಗ ನಂಗ ನಿದ್ದಿ ಹತ್ತತದ, ಅಲ್ಲೇ ನೀ ಕಲೀಬೇಕು. ಎಲ್ಲೂ ಹತ್ತಲಿಲ್ಲ ಅಂದ್ರ ಸುಮ್ನ ಪೂನಮನ ಅಂಗಡ್ಯಾಗ ಹುಬ್ಬು ಕೀಳ್ಕೋತ ಕೂಡು.”

ಹಗಲು ಹೊತ್ತು, ಪರಸ್ಥಳದಲ್ಲಿ, ಪರರ ಕೈಯಲ್ಲಿ ತನಗೆ ನಿದ್ದೆ ಹತ್ತುವುದೆಂದರೇನು! ಕರಾರು ಭದ್ರವಾಗಿದೆ ಎಂದು ಆಕೆಗೆ ಸಮಾಧಾನವಾಯಿತು. ಕಣ್ಣ ಮುಂದೆ ಇಲ್ಲದ್ದು ಕಳೆದುಹೋಗುತ್ತದೆ ಎಂಬುದು ಆಕೆ ಆ ಮಳೆಗಾಲದಲ್ಲಿ ಕಲಿತ ಪಾಠ. ಮಗಳಿಗೂ ಕುರಿಗೂ ಅದು ಒಂದೇ. ಆರತಿಗೂ ಅದು ಗೊತ್ತಿತ್ತು. ಆದರೂ ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

ಭಾಲ್ಕಿಗೆ ಹೋದ ದಿನ ಮಂಜು ಬಿದ್ದಿತ್ತು. ತೊಗರಿಯ ಹಳದಿ ಹೂವು ಹೊಲಗಳಿಂದ ಎದ್ದು ಬಸ್ಸಿನ ಕಿಟಕಿಯವರೆಗೆ ಬಂದು, ಅಲ್ಲೇ ತೇಲುತ್ತ ಜೊತೆಗೆ ಬರುತ್ತಿದ್ದಂತೆ ಕಾಣುತ್ತಿತ್ತು. ಬಸ್ಸಿನ ಅರ್ಧ ಜನ ನಿದ್ದೆಯಲ್ಲಿದ್ದರು. ಅಂಜನಾಬಾಯಿ ಅವರನ್ನೆಲ್ಲ ಒಂದು ಸುತ್ತು ಕರುಣೆಯಿಂದ ನೋಡಿದಳು.

ಸ್ಟೇಷನ್‌ ರಸ್ತೆಯ ಬಟ್ಟೆ ಅಂಗಡಿಯ ಮೇಲೆ ಶಶಿಕಲಾ ಎಂಬಾಕೆಯ ತರಬೇತಿ. ಒಳ್ಳೆಯ ಹೆಂಗಸು, ನಗುಮುಖ, ಮಾತಿಗೆ ಬಿಡುವಿಲ್ಲ. ಅಂಜನಾಬಾಯಿಯನ್ನು ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕೂಡಿಸಿ ತಲೆಗೆ ಎಣ್ಣೆ ಹೊಯ್ದು ಚಂಪಿ ಶುರು ಮಾಡಿದಳು. ಮದುವೆ ಮನೆಯ ಬಾಜಾ ಬಂದಂತೆ ಕೋಣೆ ತುಂಬ ಟಪಟಪ ಸದ್ದು.

“ಮೌಶಿ, ಕುತ್ತಿಗಿ ಸಡ್ಲ ಬಿಡ್ರಿ.”

“ಸಡ್ಲ ಬಿಟ್ರ ಬೀಳ್ತದ.”

“ನಾ ಹಿಡೀತೇನ್ರಿ.”

“ನೀವು ಹಿಡದ್ರ ತಟ್ಟವ್ರು ಯಾರು?”

ಶಶಿಕಲಾ ನಕ್ಕು ಇನ್ನೂ ಜೋರಾಗಿ ತಟ್ಟಿದಳು. ತನ್ನ ಹತ್ತಿರ ಕಲಿತವರು ಲಾತೂರಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ ಎಂದಳು. ಮೈ ಮಾಲೀಶ್ ಕಲಿಸುವುದಿಲ್ಲವೇ ಎಂದು ಆರತಿ ಕೇಳಿದಳು.

“ಅದೆಲ್ಲ ಯಾಕ ಬೇಕ್ರಿ ತಂಗಿ? ತಲಿ ಮತ್ತ ಮುಖ ಬಂದ್ರ ಸಾಕು, ಮಂದಿ ನೋಡೋದು ಅದನ್ನೇ. ಒಂದೇ ತಿಂಗಳು. ಮುಂಜಾನಿ ಬಸ್ಸಿಗಿ ಬಂದ್ರಿ, ಸಂಜಿ ಬಸ್ಸಿಗಿ ಮನಿಗಿ ಹೋದ್ರಿ.”

ಸಂಜೆ ಬಸ್ಸಿಗೆ ಮನೆಗೆ ಎಂಬ ಮಾತು ಬಿದ್ದದ್ದೇ ತಡ, ಅಂಜನಾಬಾಯಿಯ ಕಣ್ಣು ಮುಚ್ಚಿದವು. ಕುತ್ತಿಗೆ ಒಂದು ಕಡೆ ವಾಲಿತು. ಕೈ ಕುರ್ಚಿಯ ಕೆಳಗೆ ಜೋತುಬಿತ್ತು. ಅನಂತರ ಗೊರಕೆ ಬಂತು.

“ನೋಡ್ರಿ! ನನ್ನ ಕೈ ಅಂದ್ರ ಏನ್ ತಿಳ್ದೀರಿ!” ಎಂದು ಶಶಿಕಲಾ ಪಿಸುಗುಟ್ಟಿದಳು.

ಆರತಿ ಕಿವಿಗೊಟ್ಟು ಕೇಳಿದಳು. ಗೊರಕೆ ಪರಿಚಿತವಾಗಿತ್ತು. ಮೊದಲು ಗರಗಸ, ಕೊನೆಗೆ ಸಣ್ಣ ಸಿಳ್ಳು, ನಡುನಡುವೆ ಅರ್ಧ ಕೆಮ್ಮು. ಅದು ಜ್ಞಾನೇಶ್ವರನ ಗೊರಕೆ. ವರ್ಷವಿಡೀ ರಾತ್ರಿಯಲ್ಲಿ ಎಚ್ಚರ ಕೂತವಳು ಪಕ್ಕದಲ್ಲಿ ಕೇಳಿದ್ದು ಅದೊಂದೇ ನಿದ್ದೆ. ನಕಲು ಮಾಡಲು ಬೇರೆ ಮಾದರಿ ಎಲ್ಲಿಂದ ಬರಬೇಕು? ತಾನು ನಿಜವಾಗಿ ಮಲಗಿದಾಗ ಏನು ಸದ್ದು ಮಾಡುತ್ತೇನೆಂದು ಆಕೆಗೆ ತಿಳಿಯದು. ಆಕೆಗೆ ಯಾರೂ ಹೇಳಿರಲಿಲ್ಲ.

“ಭಾರಿ ನಿದ್ದಿ ಹತ್ತಿತ್ತು” ಎಂದಳು ಬಸ್ಸಿನಲ್ಲಿ, ಎಣ್ಣೆ ಸೋರುವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ. “ಮುಗೀತು. ಭಾಲ್ಕಿ.”

“ಇನ್ನೊಂದು ಕಡಿನೂ ನೋಡಬೇಕಲ್ಲವ್ವಾ. ವರ ನೋಡಾಕ ಹೋದ್ರ ಮೊದಲನೇ ಮನ್ಯಾಗೇ ಸಕ್ಕರಿ ಹಂಚತಾರೇನು?”

ಇದು ಅಂಜನಾಬಾಯಿಗೆ ನ್ಯಾಯವೆನಿಸಿತು. ಬೀದರನ್ನೂ ನೋಡುವುದು, ನೋಡಿ ಬೇಡವೆನ್ನುವುದು. ಅದೇ ಮರ್ಯಾದೆ.

ಬೀದರಿಗೆ ಹೋಗುವಾಗ ಹೊಲಗಳ ಕರಿ ಮಣ್ಣು ಸಂತಪುರ ದಾಟಿದ ಮೇಲೆ ಎಲ್ಲೋ ಒಂದು ಕಡೆ ಕೆಂಪಾಗುತ್ತದೆ. ಎಲ್ಲಿ ಎಂದು ಹಿಡಿಯಲು ಆರತಿ ಚಿಕ್ಕಂದಿನಿಂದ ಪ್ರಯತ್ನಿಸಿದ್ದಳು; ಪ್ರತಿ ಸಲ ಆ ಜಾಗ ಬರುವ ಹೊತ್ತಿಗೆ ಕಣ್ಣು ಮಂಜಾಗಿ, ತೆರೆದಾಗ ಮಣ್ಣು ಕೆಂಪಾಗಿರುತ್ತಿತ್ತು. ಈ ಸಲವೂ ಹಾಗೇ ಆಯಿತು. ಪಕ್ಕದಲ್ಲಿ ಅವ್ವ ಮಾತ್ರ ನೆಟ್ಟಗೆ ಕೂತಿದ್ದಳು, ಬಾಯಲ್ಲಿ ಲವಂಗ. ನಿದ್ದೆಗೆ ವಿರುದ್ಧವಾಗಿ ಮನೆಯಿಂದಲೇ ತಂದದ್ದು.

ಚಿದ್ರಿಯ ಒಂದು ಮನೆಯ ಮಹಡಿಯಲ್ಲಿ ಆಮ್ರಪಾಲಿ ಎಂಬಾಕೆ ಕಲಿಸುತ್ತಿದ್ದಳು. ಹೈದರಾಬಾದಿನ ಹೋಟೆಲೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಮರಳಿದವಳು. ಕರಪತ್ರದಲ್ಲಿ ‘ಕಿಟಕಿಯಿಂದ ಅಷ್ಟೂರಿನ ಗುಮ್ಮಟಗಳ ನೋಟ’ ಎಂದಿತ್ತು. ಕಿಟಕಿಯಲ್ಲಿ ಕಂಡದ್ದು ನೀರಿನ ಟ್ಯಾಂಕು. ಆದರೆ ಮಂಜಿನಲ್ಲಿ ಅದೂ ಯಾವುದೋ ಸುಲ್ತಾನನ ಗೋರಿ ಎಂಬಷ್ಟು ದುಂಡಗೆ, ಬೆಳ್ಳಗೆ, ದೂರವಾಗಿ ಕಾಣುತ್ತಿತ್ತು. ಗೋಡೆಯ ಕಪಾಟಿನಲ್ಲಿ ಬಿಳಿ ಟವಲುಗಳನ್ನು ಸುರುಳಿ ಸುತ್ತಿ ಒಂದರ ಪಕ್ಕ ಒಂದು ಒಟ್ಟಿದ್ದರು. ಅಂಜನಾಬಾಯಿ ಅವುಗಳ ಮೇಲೆ ಕೈಯಾಡಿಸಿದಳು. ಆಕೆಯ ಕುರಿಗಳೆಲ್ಲ ಕಪ್ಪು. ಇಷ್ಟು ಬಿಳಿಯ ಮಂದೆಯನ್ನು ಆಕೆ ನೋಡಿರಲಿಲ್ಲ.

ಆಮ್ರಪಾಲಿ ಮೊದಲು ಕೈ ಹಚ್ಚಲಿಲ್ಲ, ಪ್ರಶ್ನೆ ಕೇಳಿದಳು. ಬಿಪಿ ಇದೆಯೇ, ಎಲ್ಲಾದರೂ ಬಿದ್ದಿದ್ದಿರಾ, ಯಾವ ಕಡೆ ನೋವು, ರಾತ್ರಿ ನಿದ್ದೆ ಹೇಗೆ.

“ನಾವು ಮಲಗಂಗಿಲ್ರಿ” ಎಂದಳು ಅಂಜನಾಬಾಯಿ. “ಕುರಿ ಮಂದಿ ನಾವು.”

“ಹೌದ್ರಿ?” ಎಂದಷ್ಟೇ ಹೇಳಿ ಆಮ್ರಪಾಲಿ ಆಕೆಯ ಮೀನಖಂಡ ನೋಡಿದಳು. ಕಲಿಯುವ ಹುಡುಗಿಯರನ್ನು ಹತ್ತಿರ ಕರೆದಳು. “ಇಲ್ಲಿ ನರ ಉಬ್ಬ್ಯಾವ, ಕಾಣ್ತಾವಿಲ್ಲೋ? ಇದರ ಮ್ಯಾಲ ಯಾರೂ ಒತ್ತಬಾರದು. ಎಲ್ಲಿ ಒತ್ತಬೇಕು ಅನ್ನೋದು ಆಮ್ಯಾಲ ಕಲಿಸ್ತೇನಿ. ಎಲ್ಲಿ ಕೈ ಇಡಬಾರದು, ಅದು ಮೊದಲನೇ ಪಾಠ.”

ಆರತಿ ಬಗ್ಗಿ ಆ ನರಗಳನ್ನು ನೋಡಿದಳು. ಮೊಬೈಲಿನ ಬೆನ್ನಿಗೆ ನರಗಳೇ ಇರಲಿಲ್ಲ. ಅವಳ ತಲೆಯೊಳಗಿನ ಕೋಣೆಯಲ್ಲಿ ಇಷ್ಟು ದಿನ ಬರುತ್ತಿದ್ದ ಹೆಂಗಸರಿಗೂ, ಈಗ ನೆನೆದರೆ, ಇರಲಿಲ್ಲ. ಇಲ್ಲಿಯೇ ಕಲಿಯಬೇಕು ಎಂದು ಅವಳಿಗೆ ಆ ಕ್ಷಣಕ್ಕೆ ನಿಶ್ಚಯವಾಯಿತು. ನಿಶ್ಚಯವಾಗಿ ಏನು ಪ್ರಯೋಜನ? ಎಲ್ಲವೂ ಬಾಯಲ್ಲಿ ಲವಂಗ ಇಟ್ಟುಕೊಂಡ ಒಬ್ಬಳ ಕಣ್ಣುರೆಪ್ಪೆಯ ಮೇಲೆ ನಿಂತಿತ್ತು.

ಅಂಜನಾಬಾಯಿ ಎತ್ತರದ ಹಾಸಿಗೆಯ ಮೇಲೆ ಬೋರಲಾಗಿ ಮಲಗಿದಳು. ಹಾಸಿಗೆಯ ತುದಿಯಲ್ಲಿ ಮುಖ ಇಡಲು ದುಂಡನೆಯ ಕಿಂಡಿ. ಕಿಂಡಿಯ ಕೆಳಗೆ ನೆಲದ ಮೇಲೆ ತಾಮ್ರದ ಬಟ್ಟಲಲ್ಲಿ ನೀರು, ನೀರಲ್ಲಿ ನಾಲ್ಕಾರು ಮಲ್ಲಿಗೆ. “ನೀವು ಕಾಲು ಹಿಡ್ಕೋರಿ, ಅಷ್ಟೇ. ಏನೂ ಮಾಡಬ್ಯಾಡ್ರಿ” ಎಂದಳು ಆಮ್ರಪಾಲಿ ಆರತಿಗೆ. ಆರತಿ ಅವ್ವನ ಪಾದಗಳನ್ನು ಹಿಡಿದು ಕೂತಳು. ಹಲಗೆಯಂಥ ಪಾದಗಳು, ಬೆರಳುಗಳು ಹಾಸಿಗೆಗೆ ಊರಿ ಕಾವಲು ನಿಂತಿದ್ದವು.

ಆಮ್ರಪಾಲಿ ಬಟ್ಟೆಯ ಮೇಲಿಂದಲೇ ಬೆನ್ನಿನ ನಡುವೆ ಒಂದು ಅಂಗೈ ಇಟ್ಟಳು. ಇಟ್ಟು, ಸುಮ್ಮನೆ ನಿಂತಳು. ಉಜ್ಜಲಿಲ್ಲ, ಒತ್ತಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಉಸಿರು ಬಂದಾಗ ಅಂಗೈ ಏಳುತ್ತಿತ್ತು, ಹೋದಾಗ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ, ಯಾರೋ ನೀರಿಗೆ ದೋಣಿ ಬಿಟ್ಟಂತೆ, ಆ ಕೈ ಹೊರಟಿತು.

ಅಂಜನಾಬಾಯಿ ಎಚ್ಚರವಿರಲು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದಳು: ಮನಸ್ಸಿನಲ್ಲೇ ಮಂದೆಯನ್ನು ಸಾಲಾಗಿ ದೊಡ್ಡಿಗೆ ಹೊಗಿಸತೊಡಗಿದಳು. ಮುಂದೆ ಟಗರು. ಹಿಂದೆ ಕಿವಿ ಹರಿದದ್ದು, ಅದರ ಮರಿ, ಮರಿಯ ಮರಿ. ಬಟ್ಟಲಿನ ನೀರು ಮಾಂಜ್ರಾ ಹೊಳೆಯಷ್ಟು ಅಗಲವಾಯಿತು. ಮಲ್ಲಿಗೆಗಳು ಆಚೆ ದಂಡೆಯ ದೀಪಗಳಾದವು. ಕಪಾಟಿನ ಬಿಳಿ ಮಂದೆ ಒಂದೊಂದಾಗಿ ಕೆಳಗಿಳಿದು, ಸದ್ದಿಲ್ಲದೆ, ಕರಿ ಮಂದೆಯ ಜೊತೆ ಬೆರೆಯಿತು. ಕುರಿಗಳು ನೀರು ದಾಟುತ್ತಲೇ ಇದ್ದವು, ಕಾಲು ಒದ್ದೆಯಾಗದಂತೆ. ಎಲ್ಲವೂ ದಾಟಿದವು. ಎಲ್ಲವೂ ಅಲ್ಲ.

ಆರತಿಯ ಕೈಯಲ್ಲಿದ್ದ ಪಾದಗಳು ಮೆಲ್ಲನೆ ಭಾರವಾದವು. ಬೆರಳುಗಳು ಒಂದೊಂದೇ ಕಾವಲು ಬಿಟ್ಟವು. ಹಾಸಿಗೆಯ ಕಿಂಡಿಯಿಂದ ಲವಂಗ ಜಾರಿ ಬಟ್ಟಲಿಗೆ ಬಿತ್ತು. ಆ ನಿಶ್ಶಬ್ದದಲ್ಲಿ, ವರ್ಷದಿಂದ ಯಾರೂ ಕೇಳದ ಆ ಸದ್ದು ಬಂತು.

“ಟ್ರ್ರ್ರ್... ಹ್ಯೋ.”

ಒಬ್ಬ ಹುಡುಗಿ ನಗು ತಡೆಯಲು ಟವಲು ಬಾಯಿಗೆ ಒತ್ತಿಕೊಂಡಳು. ಆಮ್ರಪಾಲಿ ಕೈ ನಿಲ್ಲಿಸಲಿಲ್ಲ. “ಯಾರನ್ನೋ ಕರೀಲತಾರ” ಎಂದಳು. “ಕರೀಲಿ.”

ಆರತಿ ತಲೆ ತಗ್ಗಿಸಿದಳು. ಅವ್ವನ ಪಾದದ ಮೇಲೆ ಎರಡು ಹನಿ ಬಿದ್ದವು. ಅವನ್ನು ಅವಳು ಎಣ್ಣೆಯೆಂಬಂತೆ ಉಜ್ಜಿಬಿಟ್ಟಳು.

ಎದ್ದಾಗ ಅಂಜನಾಬಾಯಿಯ ಮುಖದ ಸುತ್ತ ಕಿಂಡಿಯ ಅಚ್ಚು ಹುಣ್ಣಿಮೆಯ ಚಂದ್ರನಂತೆ ದುಂಡಗೆ ಮೂಡಿತ್ತು.

“ನಾ ಎಚ್ಚರನೇ ಇದ್ದೆ” ಎಂದಳು ಮೊದಲು.

“ಹೌದ್ರಿ” ಎಂದಳು ಆಮ್ರಪಾಲಿ ಚಹಾ ಕೊಡುತ್ತ. “ವಾರಕ್ಕೊಮ್ಮಿ ಯಾರರೆ ಬರಬೇಕ್ರಿ, ಹುಡುಗೇರು ಕಲೀಲಿಕ್ಕ. ನಿಮಗ ಫುರಸತ್ತಿದ್ರ ನೋಡ್ರಿ.”

“ನಮಗೆಲ್ಲಿ ಫುರಸತ್ತು!”

ಬಸ್ಸು ಹೊರಟ ಮೇಲೆ ಆಕೆ ತೀರ್ಪು ಹೇಳಿದಳು. “ಭಾಲ್ಕಿ. ಅಲ್ಲಿ ನಿದ್ದಿ ಹತ್ತಿತ್ತು, ಇಲ್ಲಿ ಹತ್ತಲಿಲ್ಲ. ಕರಾರು ಅಂದ್ರ ಕರಾರು.”

ಆರತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ಮಲಗಿದಾಗ ಸದ್ದು ಮಾಡುತ್ತೀ, ಭಾಲ್ಕಿಯಲ್ಲಿ ಮಾಡಲಿಲ್ಲ, ಇಲ್ಲಿ ಮಾಡಿದೆ, ಎಂದು. ಆ ಮಾತು ನಾಲಿಗೆಯವರೆಗೆ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ನಿಂತಿತ್ತು: ಅಂದರೆ ನೀನು ಇಷ್ಟು ವರ್ಷ ಮಲಗುತ್ತಲೇ ಇದ್ದೆ, ಕಾಯುತ್ತಿರಲಿಲ್ಲ. ಒಂದನ್ನು ಬಿಟ್ಟರೆ ಇನ್ನೊಂದೂ ಹೊರಬೀಳುತ್ತದೆ. ಕುಂಟಿ ಹೋದ ಮೇಲೆ ಅವ್ವನಿಗೆ ಉಳಿದಿದ್ದದ್ದು ಆ ಒಂದು ಹೆಮ್ಮೆ. ಅದನ್ನು ಕೊಟ್ಟು ಕೋಣೆ ಕೊಳ್ಳುವುದೇ? ಕಿಟಕಿಯಲ್ಲಿ ಕೆಂಪು ಮಣ್ಣು ಓಡುತ್ತಿತ್ತು. ಅವಳು ಕಣ್ಣು ಮಿಟುಕಿಸದೆ ಅದನ್ನೇ ನೋಡಿದಳು.

“ಆಯ್ತವ್ವಾ” ಎಂದಳು. “ಭಾಲ್ಕಿ.”

ಗೆದ್ದವಳಿಗೆ ಇಷ್ಟು ಬೇಗ ಗೆಲುವು ಬೇಕಿರಲಿಲ್ಲವೇನೋ. ಬಸ್ಸು ಸಂತಪುರ ಮುಟ್ಟಿತು. ಅಂಜನಾಬಾಯಿ ಕಿಟಕಿಯ ಕಡೆ ಮುಖ ಮಾಡಿಯೇ, “ಕುಂಟಿ ಬಂತು” ಎಂದಳು.

“ಎಲ್ಲಿ?”

“ಅಲ್ಲೇ. ನೀರಿನ ದಂಡಿಗಿ ಒಂದೇ ನಿಂತಿತ್ತು. ಕರದೆ. ಬಂತು. ಕಾಲು ಇನ್ನಾ ಹಂಗೇ ಅದ.”

ಆರತಿ ಅವ್ವನ ಕಡೆ ತಿರುಗಿದಳು. “ಕನಸನ್ಯಾಗೇನವ್ವಾ?”

“ಕನಸು ಮಲಗಿದವರಿಗಿ ಬೀಳ್ತದ. ನಾ ಕಾಯ್ಲತ್ತಿದ್ದೆ.” ಸೆರಗು ಸರಿಮಾಡಿಕೊಂಡು, “ವರ್ಷ ಆಯ್ತು, ಕಣ್ಣು ತೆರಕೊಂಡು ಕಾದೆ. ಬರಲಿಲ್ಲ. ಆಕಿ ಕೈ ಹಚ್ಚಿದ ಕೂಡ್ಲೆ ಬಂತು ನೋಡು.”

ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಯಾರದೋ ಚೀಲದಿಂದ ನಿಂಬೆಹಣ್ಣು ಉರುಳಿ ಇವರ ಕಾಲ ಹತ್ತಿರ ಬಂದು ನಿಂತಿತು. ಅಂಜನಾಬಾಯಿ ಅದನ್ನು ಎತ್ತಿ ಹಿಂದಕ್ಕೆ ಕೊಟ್ಟಳು.

“ಆರು ತಿಂಗಳು ಭಾಳ ಆಯ್ತು” ಎಂದಳು.

“ಹೂಂನವ್ವಾ.”

“ವಾರಕ್ಕೊಮ್ಮಿ ಯಾರರೆ ಬೇಕು ಅಂದ್ಳಲ್ಲ ಆಕಿ?”

“ಅಂದ್ರು.”

“ನಾ ಬರ್ತೇನಿ. ಮಲಗಾಕಲ್ಲ ಮತ್ತ, ಆ ಹುಡುಗೇರಿಗಿ ಹೇಳು. ಕಾಯಾಕ. ನೀನೂ ಕಣ್ಣಿಗಿ ಬೀಳ್ತಿ, ಅದೂ ಬೀಳ್ತದ.”

ಮನೆ ಮುಟ್ಟಿದಾಗ ಕುರಿಗಳು ಬರುವ ಹೊತ್ತು. ಗೋಧೂಳಿಯಲ್ಲಿ ಕರಿ ಬೆನ್ನುಗಳು ಒಂದರ ಹಿಂದೆ ಒಂದು ತೇಲಿ ಬಂದು ದೊಡ್ಡಿ ಸೇರುತ್ತಿದ್ದವು. ಜ್ಞಾನೇಶ್ವರ ದೊಡ್ಡಿಯ ಬಾಗಿಲು ಹಿಡಿದು ನಿಂತಿದ್ದ.

“ಎಲ್ಲಿ ಹತ್ತಿತು ನಿದ್ದಿ?”

“ಎಲ್ಲೂ ಇಲ್ಲ. ಆರತಿ ಬೀದರಕ್ಕ ಹೋಗ್ತಾಳ.”

“ಮತ್ತ ಭಾಲ್ಕ್ಯಾಗ ಭಾರಿ ಹತ್ತಿತ್ತು ಅಂದಿದ್ದಿ?”

“ಅದು ನಿಮ್ಮ ನಿದ್ದಿರಿ” ಎಂದು ಅಂಜನಾಬಾಯಿ ಒಳಗೆ ಹೋದಳು.

ಜ್ಞಾನೇಶ್ವರನಿಗೆ ಒಂದೂ ಅರ್ಥವಾಗಲಿಲ್ಲ. ಮಗಳ ಮುಖ ನೋಡಿದ. ಆರತಿ ಒಳಗೆ ಕೇಳದಂತೆ, ನಾಲಿಗೆಯ ತುದಿಯಲ್ಲಿ, ತೀರ ಸಣ್ಣಗೆ ಆ ಸದ್ದು ಮಾಡಿ ತೋರಿಸಿದಳು. ಅವನ ಕೈ ಬಾಗಿಲ ಮೇಲೆ ಹಾಗೇ ನಿಂತಿತು. ಕುರಿಗಳು ಒಮ್ಮೆಲೇ ಸುಮ್ಮನಾದವು.

“ಖರೆ?” ಎಂದ.

ಆರತಿ ತಲೆಯಾಡಿಸಿದಳು. ಕೊನೆಯ ಕುರಿಯೂ ಒಳಗೆ ಹೋಗಿತ್ತು. ಆದರೂ ಅವನು ಬಾಗಿಲು ಹಾಕದೆ, ಮಂಜು ಇಳಿಯುತ್ತಿದ್ದ ದಾರಿಯ ಕಡೆ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಹಿಡಿದೇ ನಿಂತ.